ಟವೆಲ್ಲಿನ ಕೆಳಗೆ ಕೊಂಡ ಗ್ರಾಮೊಫೋನು

ನಮ್ಮ ಸೋದರಮಾವ ಕಂಡಕಂಡವರ ಬೆರಳು ಎಣಿಸುತ್ತಿದ್ದ. ನಗಬೇಡಿ, ನಿಜ! ಉದಗೀರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ, ಹಣೆ ತುಂಬ ವಿಭೂತಿ ಬಳಿಯುತ್ತಿದ್ದ, ದೊಡ್ಡ ರುಮಾಲು ಸುತ್ತುತ್ತಿದ್ದ ಮರ್ಯಾದಸ್ಥ ಮನುಷ್ಯ. ಯಾರಾದರೂ ವ್ಯಾಪಾರಕ್ಕೆ ಬಂದರೆ ಮೊದಲು ಅವರ ಬಲಗೈ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದ. ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಒಂದೊಂದನ್ನೇ ಮುಟ್ಟಿ, "ಐದ. ಬರೋಬ್ಬರಿ ಅದಾವ" ಅಂದ ಮೇಲೇ ಮುಂದಿನ ಮಾತು.

ನನ್ನನ್ನು ನೋಡಲು ಬಂದ ವರನನ್ನೂ ಬಿಡಲಿಲ್ಲ! ಹುಡುಗ ಎಷ್ಟು ಓದಿದ್ದಾನೆ, ಹೊಲ ಎಷ್ಟಿದೆ, ಒಂದನ್ನೂ ಕೇಳದೆ ಸೀದಾ ಕೈಗೆ ಕೈ ಹಾಕಿದ. ವರನ ತಂದೆ ಗಾಬರಿಯಾಗಿ, "ಕೈ ನೋಡಿ ಮುಂದಿಂದು ಹೇಳ್ತೀರೇನ್ರೀ ಸಾವಕಾರ್ರ?" ಎಂದರು.

"ಇಲ್ರೀ. ನಾ ಹಿಂದ ಆಗಿದ್ದಷ್ಟ ನೋಡ್ತೀನಿ."

ಬೀಗರು ಬಂದ ಸಂಬಂಧವನ್ನು ಬಿಟ್ಟು ಎದ್ದುಹೋಗದಿದ್ದುದು ನನ್ನ ಪುಣ್ಯ. ಮಾಮಾನಿಗೆ ಈ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಅದು ಅಂಟಿಕೊಂಡಿದ್ದು ಒಂದು ಹಳೆಯ ಗ್ರಾಮೊಫೋನು ಕೊಂಡಾಗ.

ಪೊಲೀಸ್ ಆಕ್ಷನ್ ಆಗಿ, ನಿಜಾಮನ ರಾಜ್ಯ ಮುಗಿದು, ನಾಲ್ಕೈದು ತಿಂಗಳಾಗಿತ್ತು. ಅದಕ್ಕೂ ಮುಂಚಿನ ಗದ್ದಲದಲ್ಲಿ ಮಾಮಾನ ಅಂಗಡಿಗೆ ಬೆಂಕಿ ಬಿದ್ದು, ಮನೆಯವರೆಲ್ಲ ಸೊಲ್ಲಾಪುರಕ್ಕೆ ಓಡಿಹೋಗಿ, ಬದುಕಿ ತಿರುಗಿ ಬಂದಿದ್ದರು. ಆಕ್ಷನ್ ಆದ ಮೇಲೆ ಓಡಿಹೋಗುವ ಸರದಿ ಮುಸಲ್ಮಾನರದಾಯಿತು. ದೊಡ್ಡ ದೊಡ್ಡ ಮನೆಗಳ ಮಂಚ, ಕನ್ನಡಿ, ಗಡಿಯಾರ ಎಲ್ಲ ಬೀದಿಗೆ ಬಂದವು. ತಾವು ಹೇಳಿದ ಬೆಲೆಗೆ ಸಿಗುತ್ತವೆಂದು ನಮ್ಮವರೂ ಮುಗಿಬಿದ್ದರು. ಈಗ ಹೇಳಲು ನಾಚಿಕೆಯಾಗುತ್ತದೆ. ಆಗ ಯಾರಿಗೂ ಆಗಲಿಲ್ಲ.

ನನ್ನನ್ನು ಉಮರಗಾದಿಂದ ಉದಗೀರಕ್ಕೆ ಕರೆದೊಯ್ಯುತ್ತಿದ್ದ ಮಾಮಾ ದಾರಿಯಲ್ಲಿ ನಿಲಂಗಾದಲ್ಲಿ ಗಾಡಿ ನಿಲ್ಲಿಸಿದ. ಅಲ್ಲೊಬ್ಬರು ವಯಸ್ಸಾದ ಮಿಯಾಸಾಹೇಬರು. ಒಂದು ಕಾಲಕ್ಕೆ ಜಹಗೀರು ಉಂಡ ಮನೆ. ಅವರ ಗ್ರಾಮೊಫೋನು ಮಾರಾಟಕ್ಕಿದೆಯೆಂಬ ಸುದ್ದಿ ಮಾಮಾನ ಕಿವಿಗೆ ಬಿದ್ದಿತ್ತು. ಅಂಥಿಂಥದಲ್ಲ! ನನ್ನ ಎದೆಮಟ್ಟಕ್ಕೆ ಬರುವ ಸಾಗವಾನಿ ಕಪಾಟು, ಮೇಲೆ ಮುಚ್ಚಳ, ಮುಂದೆ ಎರಡು ಪುಟ್ಟ ಬಾಗಿಲು. ಬಾಗಿಲು ತೆರೆದರೆ ದನಿ ದೊಡ್ಡದು, ಮುಚ್ಚಿದರೆ ಸಣ್ಣದು. ಮಾಮಾ ಅದನ್ನು ನೋಡಿದ ನೋಟವನ್ನು ನಮ್ಮ ಅತ್ತೆ ನೋಡಿದ್ದರೆ ಅವತ್ತೇ ತವರಿಗೆ ಹೋಗುತ್ತಿದ್ದಳು.

ನಮ್ಮ ಕಡೆ ದನದ ಸಂತೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವೆಲ್ಲು ಮುಚ್ಚಿ, ಒಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ. ಒಂದು ಬೆರಳೆಂದರೆ ಒಂದು ನೂರು, ಇಡೀ ಕೈ ಎಂದರೆ ಐದು. ಟವೆಲ್ಲು ಎತ್ತಿದ ಮೇಲೆ ಬ್ರಹ್ಮ ಬಂದರೂ ಮಾತು ಬದಲಾಗುವಂತಿಲ್ಲ. ಮಾಮಾ ಎತ್ತನ್ನೂ, ಬಟ್ಟೆಯನ್ನೂ, ಕಡೆಗೆ ಬದನೆಕಾಯಿಯನ್ನೂ ಹೀಗೇ ಕೊಳ್ಳುತ್ತಿದ್ದ. ಗ್ರಾಮೊಫೋನನ್ನು ಬಿಡುತ್ತಾನೆಯೇ? ಹೆಗಲ ಮೇಲಿನ ಟವೆಲ್ಲು ಹಾಸಿದ. ಚಳಿಗೆ ಶಾಲು ಹೊದ್ದು ಕೂತಿದ್ದ ಮಿಯಾಸಾಹೇಬರು ಶಾಲಿನೊಳಗಿಂದಲೇ ಕೈಯನ್ನು ಟವೆಲ್ಲಿನೊಳಕ್ಕೆ ಸರಿಸಿ ಮಾಮಾನ ಅಂಗೈಯಲ್ಲಿ ಇಟ್ಟರು. ಮಾಮಾನ ಮುಖ ಅರಳಿತು. ಟವೆಲ್ಲು ಎತ್ತಿ ಮೂರು ನೂರು ಮುಂದಿಟ್ಟ. ಮುದುಕರು ಆ ನೋಟುಗಳನ್ನು ಒಂದು ಗಳಿಗೆ ನೋಡಿ, "ಠೀಕ್ ಅದ" ಎಂದರು.

ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ ಮಾಮಾನ ಜಂಭವನ್ನು ಗಾಡಿಯಲ್ಲಿ ಕೇಳಬೇಕಿತ್ತು. "ಐದ ಕೇಳ್ತಾನಂತ ಹೋಗಿದ್ದೆ ನೋಡ ತಂಗಿ. ಎರಡ ಬೆರಳ ಮಡಚಿ ಮೂರ ಕೊಟ್ಟ! ವ್ಯಾಪಾರ ಅಂದ್ರ ಹಿಂಗಿರಬೇಕು!"

ಉದಗೀರದಲ್ಲಿ ಓಣಿಗೆ ಓಣಿಯೇ ನೆರೆಯಿತು. ಅತ್ತೆ ಮಡಿಯಲ್ಲಿ ಬಂದು ಗ್ರಾಮೊಫೋನಿನ ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ ಎಳೆದಳು. "ಪರರ ಮನ್ಯಾಂದು, ಶುದ್ಧ ಆಗ್ಲಿ" ಎಂದಳು.

"ಇನ್ನ ಇದರ ಕೊಳ್ಳಾಗ ಒಂದ ಲಿಂಗಾನೂ ಕಟ್ಟಿಬಿಡು!" ಎಂದ ಮಾಮಾ.

ಎಲ್ಲರೂ ಕಿವಿ ನಿಮಿರಿಸಿ ಕೂತ ಮೇಲೆ ತಿಳಿಯಿತು, ಕೀಲಿ ತಿರುಗಿಸುವ ಹಿಡಿಕೆ ನಿಲಂಗಾದಲ್ಲೇ ಉಳಿದಿದೆ! ಮಾಮಾ ಸೋಲುವ ಆಸಾಮಿಯಲ್ಲ. ಅದರ ಜೊತೆಗೇ ಬಂದಿದ್ದ ಹಾಡಿನ ಪ್ಲೇಟಿನ ಮೇಲೆ ಸೂಜಿ ಇಟ್ಟು ಬೆರಳಿನಿಂದಲೇ ತಿರುಗಿಸಿದ. ಹೊಟ್ಟೆ ಉಬ್ಬಿದ ಕೋಣ ನರಳಿದಂತೆ ಒಂದು ದನಿ ಹೊರಟು, ತೊಟ್ಟಿಲಲ್ಲಿದ್ದ ಕೂಸುಗಳೆಲ್ಲ ಅಳತೊಡಗಿದವು. ಅದೇ ಆ ಮನೆಯಲ್ಲಿ ಆದ ಮೊದಲ ಕಛೇರಿ. ಮೂರು ವರ್ಷದ ಮಟ್ಟಿಗೆ ಕೊನೆಯದೂ ಅದೇ.

ಹಿಡಿಕೆ ತರಲು ಹೋದ ಮಾಮಾ ಮರುದಿನ ತಿರುಗಿ ಬಂದಾಗ ಬೇರೆ ಮನುಷ್ಯನಾಗಿದ್ದ. ಉಣ್ಣಲಿಲ್ಲ. ಹಿಡಿಕೆಯನ್ನು ಗೂಡಿನಲ್ಲಿಟ್ಟು ಗೋಡೆಗೆ ಮುಖ ಮಾಡಿ ಕೂತ. ಅತ್ತೆ ಎರಡು ದಿನ ಬೆನ್ನುಹತ್ತಿ ಕೇಳಿದ ಮೇಲೆ ಹೊರಬಂತು. ಮಿಯಾಸಾಹೇಬರು ಹಿಡಿಕೆ ಕೊಡಲು ಶಾಲಿನಿಂದ ಬಲಗೈ ಚಾಚಿದ್ದರಂತೆ. ಅದರಲ್ಲಿ ಇದ್ದುದೇ ಮೂರು ಬೆರಳು. ಉಳಿದೆರಡರ ಜಾಗದಲ್ಲಿ ಇನ್ನೂ ಕೆಂಪಗಿನ ಗಾಯದ ಕಲೆ.

ಅವರು ಮಡಚಿರಲಿಲ್ಲ. ಇಡೀ ಕೈ ಕೊಟ್ಟು ಐದು ಕೇಳಿದ್ದರು. ಆ ಇಡೀ ಕೈಯೇ ಅಷ್ಟಿತ್ತು.

ಆಕ್ಷನ್ ಆದ ವಾರ ಅವರ ಮನೆಯ ಬಾಗಿಲು ಒಡೆಯಲು ಜನ ಬಂದಿದ್ದರು. ಒಳಗಿಂದ ಬಾಗಿಲನ್ನು ತಡೆದು ಹಿಡಿದಿದ್ದ ಕೈ ಅದು. ಹಿಂದೆ ಮಗನಿದ್ದ. ಬಾಗಿಲು ನಿಲ್ಲಲಿಲ್ಲ, ಮಗನೂ ಉಳಿಯಲಿಲ್ಲ. ಇದನ್ನು ಮಾಮಾನಿಗೆ ನಿಲಂಗಾದ ಪೇಟೆಯವರು ಹೇಳಿದರು. ಮಿಯಾಸಾಹೇಬರು ಮಾತ್ರ, "ಬಾಗಲಾ ಹಾಕೂ ಮುಂದ ಸಂದ್ಯಾಗ ಸಿಕ್ಕಾವ್ರೀ" ಎಂದಿದ್ದರಂತೆ.

ಆ ಕೈ ಕಂಡೊಡನೆ ಮಾಮಾ ಅಲ್ಲೇ ಇನ್ನೆರಡು ನೂರು ತೆಗೆದು ಮುಂದೆ ಹಿಡಿದಿದ್ದ. ಅದನ್ನು ಕಂಡು ಮುದುಕರು ಎದ್ದು ನಿಂತು ಕೈ ಜೋಡಿಸಿದರಂತೆ. "ಮಾಫ್ ಮಾಡ್ರೀ ಸಾವಕಾರ್ರ. ನಾ ಯಾರ ಮುಂದೂ ಏನೂ ಅಂದಿಲ್ರೀ. ಯಾರರ ನಿಮಗ ಹೇಳಿದ್ರ ಅದು ಸುಳ್ಳ್ರೀ."

"ಎರಡ ನೂರಿನ ಮಾತಲ್ಲೇ ಇದು," ಎಂದ ಮಾಮಾ ಅತ್ತೆಗೆ. "ನನ್ನ ವಯಸ್ಸಿಗಿಂತ ಹಿರ್ಯಾ ಮನಷ್ಯಾ. ಕಮ್ಮಿ ಆತು ಅನ್ನಾಕ ಅಂಜಿದಾ. ನನಗ ಅಂಜಿದಾ! ಅಂಗಡಿ ಸುಟ್ಟಾಗ ನಾ ಹ್ಯಾಂಗ ಅಂಜಿದ್ದೆ, ಹಂಗ."

ಆವತ್ತಿನಿಂದ ಶುರುವಾಯಿತು ನೋಡಿ ಬೆರಳೆಣಿಕೆ! ಗ್ರಾಮೊಫೋನು ನಡುಮನೆಯಲ್ಲಿ ಮೂಕವಾಗಿ ನಿಂತಿತು. ಬೇರೆ ಮನೆಯಾಗಿದ್ದರೆ ಅದನ್ನು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಕೊಳ್ಳುವವರೂ ಬಂದರು. ಉಮರಗಾದ ಕಡೆಯ ಒಬ್ಬ ಗೌಡ ಐದರ ಮೇಲೆ ಇನ್ನೊಂದು ಬೆರಳು ಹಿಡಿಯಲು ಸಿದ್ಧನಿದ್ದ. ಅಂಗಡಿಯಲ್ಲಿ ಹರಿದ ಪಂಚೆಯನ್ನು ಹೊಗಳಿ ಹೊಗಳಿ ಮಾರುತ್ತಿದ್ದ ಮಾಮಾ ಇಲ್ಲಿ ಉಲ್ಟಾ ಹೊಡೆದ. "ಬ್ಯಾಡ್ರೀ ಗೌಡ್ರ. ಒಳಗ ಇಲಿ ಅದಾವ. ಸ್ಪ್ರಿಂಗ್ ಸಿಡದ್ರ ಕಣ್ಣ ಹೋಗ್ತಾವ." ಗೌಡ ಎರಡು ಮಾರು ದೂರ ಕೂತು ಚಹಾ ಕುಡಿದು ಹೋದ. ತಾನೂ ಹಚ್ಚಲಿಲ್ಲ, ಮಾರಲೂ ಇಲ್ಲ. ಖಾಲಿ ಜಾಗ ಕಂಡರೆ ಸುಮ್ಮನಿರದ ಅತ್ತೆ ಪ್ಲೇಟು ಇಡುವ ಖಾನೆಯಲ್ಲಿ ಹಪ್ಪಳ, ಸಂಡಿಗೆ ತುಂಬಿಟ್ಟಳು. ಇಡೀ ಉದಗೀರದಲ್ಲಿ ಅಷ್ಟು ಬೆಲೆಬಾಳುವ ಸಂಡಿಗೆ ಡಬ್ಬಿ ಇನ್ನೊಂದಿರಲಿಲ್ಲ.

ವರ್ಷಕ್ಕೆರಡು ಬಾರಿ ಮಾಮಾ ನಿಲಂಗಾಕ್ಕೆ ಹೋಗುತ್ತಿದ್ದ. ಪ್ರತಿ ಸಲವೂ ಮುದುಕರು ಎದ್ದು ನಿಲ್ಲುವರು, "ಎಲ್ಲಾ ಠೀಕ್ ಅದರೀ" ಎನ್ನುವರು, ಕೈಯನ್ನು ಶಾಲಿನೊಳಗೆ ಎಳೆದುಕೊಳ್ಳುವರು. ಮಾಮಾ ಸಪ್ಪೆ ಮುಖ ಹೊತ್ತು ಬರುವನು. ಮೂರನೆಯ ವರ್ಷ ಒಂದು ಉಪಾಯ ಹೊಳೆಯಿತು. ಗ್ರಾಮೊಫೋನನ್ನು ಅವರಿಗೇ ತಿರುಗಿ ಮಾರುವುದು, ಅದೂ ಒಂದೇ ಬೆರಳಿಗೆ! ಮದುವೆಯಾಗಿ ಮುರುಮದಲ್ಲಿದ್ದ ನಾನು ಆಗ ಮಾಮಾನ ಮನೆಯಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಿದ್ದೆ. ದಾರಿ ಒಂದೇ. ಗಾಡಿಯಲ್ಲಿ ನಾನು, ಕೂಸು, ಮಾಮಾ, ಆ ಕಪಾಟು.

ಮಿಯಾಸಾಹೇಬರ ಕಟ್ಟೆಯ ಮೇಲೆ ಮತ್ತೆ ಟವೆಲ್ಲು ಹಾಸಿದ್ದಾಯಿತು. ಮಾಮಾ ನಾಲ್ಕು ಬೆರಳು ಮಡಚಿ ಒಂದನ್ನು ಮುಂದಿಟ್ಟ. ಟವೆಲ್ಲಿನೊಳಗೆ ಏನೋ ಗುದ್ದಾಟ ನಡೆಯಿತು. ಮುದುಕರು ಅವನ ಬೆರಳನ್ನು ಬಿಡಿಸಿ ಬಿಡಿಸಿ ಮೂರು ಮಾಡುವರು, ಇವನು ಮಡಚಿ ಮಡಚಿ ಒಂದು ಮಾಡುವನು. ಮಾರುವವನು ಇಳಿಸುವ, ಕೊಳ್ಳುವವನು ಏರಿಸುವ ಇಂಥ ವ್ಯಾಪಾರವನ್ನು ನೀವೆಲ್ಲಾದರೂ ಕಂಡಿದ್ದೀರಾ? ಕೊನೆಗೆ ಮಿಯಾಸಾಹೇಬರು ಕೈ ಹೊರಗೆಳೆದು, "ಮೊದಲ ಮಾಲ್ ನೋಡ್ತೀನ್ರೀ" ಎಂದು ಗಾಡಿಯ ಹತ್ತಿರ ಬಂದು ಕಪಾಟಿನ ಖಾನೆ ತೆರೆದರು.

ಅತ್ತೆಯ ಸಂಡಿಗೆಗಳು ಅವರ ಕಾಲ ಮೇಲೆ ಉದುರಿದವು.

"ಏನಿದು?"

"ಸಂಡಿಗಿ ರೀ," ಎಂದ ಮಾಮಾ, ಸಿಕ್ಕಿಬಿದ್ದ ಕಳ್ಳನ ಹಾಗೆ.

"ಪ್ಲೇಟ್ ಹಚ್ಚಿಲ್ಲೇನು?"

"ಇಲ್ರೀ. ಒಂದ ಸಲಾನೂ."

ಮುದುಕರ ಮುಖ ಕೆಂಪಾಯಿತು. ಶಾಲು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ. ಆ ಮೂರು ಬೆರಳಿನ ಕೈಯನ್ನು ಮಾಮಾನ ಮುಖಕ್ಕೆ ಎತ್ತಿ, ಓಣಿ ಕೇಳುವಂತೆ ಕೂಗಿದರು. "ನನ್ನ ಮಗಾ ಹೈದರಾಬಾದಿನಿಂದ ಕೂಸಿನಂಗ ಹಿಡಕೊಂಡ ತಂದಿದ್ದ ಇದನ್ನ! ನನ್ನ ಮನ್ಯಾಗ ಕೇಳವರ ಉಳೀಲಿಲ್ಲ, ಹಾಡೂ ಮನಿಗರ ಹೋಗ್ಲಿ ಅಂತ ನಿನಗ ಕೊಟ್ಟೆ. ಮೂರ ವರ್ಷ ಸಂಡಿಗಿ ತುಂಬೀಯಾ ಇದರಾಗ? ರೊಕ್ಕಾ, ರೊಕ್ಕಾ ಅಂತ ನನ್ನ ಬೆನ್ನ ಹತ್ತೀಯಲ್ಲ, ನಾ ಕೇಳಿದ್ನೇನು ನಿನ್ನ ರೊಕ್ಕಾ? ಬೇಅಕಲ್! ಎತ್ತು ಗಾಡಿ! ಹಚ್ಚೂದಿದ್ರ ಇಟ್ಕೋ, ಇಲ್ಲಂದ್ರ ಕೊಡು, ಒಲಿಗಿ ಹಾಕ್ತೀನಿ!" ಟವೆಲ್ಲನ್ನು ಮಾಮಾನ ಮುಖಕ್ಕೇ ಒಗೆದರು.

ಪೇಟೆಯಲ್ಲಿ ಯಾರಿಂದಲೂ ಒಂದು ಹೆಚ್ಚಿನ ಮಾತು ಕೇಳಿಸಿಕೊಂಡವನಲ್ಲ ನಮ್ಮ ಮಾಮಾ. ಅವನೋ, ತಲೆ ಬಗ್ಗಿಸಿ, "ಹೌದ್ರೀ, ಹೌದ್ರೀ" ಎನ್ನುತ್ತ, ಸಂಡಿಗೆಗಳನ್ನು ಒಂದೊಂದಾಗಿ ಆಯ್ದು ಟವೆಲ್ಲಿನಲ್ಲಿ ಕಟ್ಟಿಕೊಂಡ.

ಊರು ದಾಟಿ ಜೋಳದ ಹೊಲಗಳ ನಡುವೆ ಬಂದ ಮೇಲೆ ಮಾಮಾ ಗಾಡಿ ನಿಲ್ಲಿಸಿದ. ಚೀಲದಿಂದ ಹಿಡಿಕೆ, ಪ್ಲೇಟು ತೆಗೆದು, ಕೀಲಿ ಕೊಟ್ಟು, ಹಾಡು ಹಚ್ಚಿ, ಎರಡೂ ಬಾಗಿಲು ತೆರೆದಿಟ್ಟ. ಯಾವಳೋ ಹೆಂಗಸಿನ ದನಿ ಆ ಬಯಲಿನ ತುಂಬ ಎದ್ದಿತು. ನನ್ನ ಕೂಸು ಅಳಲಿಲ್ಲ, ಕಣ್ಣರಳಿಸಿ ಕೇಳಿತು. ನಾನು ಮಾಮಾನ ಕಡೆ ತಿರುಗಿದೆ. ಅವನ ವಿಭೂತಿ ಕಣ್ಣೀರಿನಲ್ಲಿ ಕಲಸಿ ಗಲ್ಲಕ್ಕೆ ಇಳಿಯುತ್ತಿತ್ತು. ಆದರೆ ಮುಖ ಹಬ್ಬದ ದಿನದ ಹಾಗಿತ್ತು. ನನ್ನ ಮಾಮಾನ ಮೇಲೆ ಆ ಗಳಿಗೆ ನನಗೆ ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

"ಕೇಳಿದ್ಯಲ್ಲ ತಂಗಿ?" ಎಂದ. ಹಾಡಿನ ಮಾತಿರಬೇಕೆಂದು ನಾನು ತಲೆಯಾಡಿಸಿದೆ.

"ನನಗ ಬೈದ್ರವಾ," ಎಂದ ಮಾಮಾ. "ಓಣಿ ಮಂದಿ ಮುಂದ, ಕೈ ಎತ್ತಿ, ನೀ ಅಂತ ಬೈದ್ರು. ಅಂಜಲಿಲ್ಲ ನೋಡು."