ತುಪ್ಪದ ತಟ್ಟೆ ಕೆಳಗಿರತಕ್ಕದ್ದು

ಮೀನು ತಿಂದ್ಮೇಲೆ ಆಲು ಕುಡೀಬಾರ್ದು ಅಂತ ಆಯುರ್ವೇದದಲ್ಲೇ ಅದೆ, ಎಲ್ರಿಗೂ ಗೊತ್ತು. ಮೀನು ಮಾರೋನೂ ಆಲು ಮಾರೋಳೂ ಒಂದೇ ಸೂರಡಿ ಇರ್ಬಾರ್ದು ಅಂತ ಅದಕ್ಕೆ ಸೇರ್ಸಿದ್ದು ನಮ್ಮೂರ ಪಂಚಾಯ್ತಿ ಬೋರ್ಡು, ಓದ್ ವರ್ಸ, ನಲವತ್ತೊಂಬತ್ತನೇ ಇಸ್ವೀಲಿ.

ಆದದ್ದಿಷ್ಟು ಕಣ್ರಿ. ಚರಂಡಿ ನೋಡಾಕೆ ಅಂತ ಕೊಳ್ಳೇಗಾಲದ ಬಸ್ಸಿಳಿದ ಸ್ಯಾನಿಟರಿ ಇನ್ಸ್‌ಪೆಕ್ಟ್ರು, ನೋಡೋಕ್ ಮುಂಚೆ ಊಟಕ್ಕೆ ಕೂತ್ರು. ಕಾವೇರಿ ಮೀನು ಏಳು ತಿಂದ್ರು, ಮೇಲೊಂದು ಚೊಂಬು ಆಲು ಕುಡುದ್ರು. ಆಮೇಲೆ ನಾಕ್ ಸಲ ಚರಂಡಿ ತಾವ್ಕೇ ಓಡುದ್ರೂವೆ ಅದನ್ನ ನೋಡಾಕೆ ಅವರಿಗೆ ಬಿಡುವಾಗ್ನಿಲ್ಲ.

ತಪ್ಪು ಯಾರ್ದು? ಇನ್ಸ್‌ಪೆಕ್ಟ್ರದು ಅಂತ ಬರೆಯಾಕೆ ಫಾರಂನಲ್ಲಿ ಜಾಗ ಇರ್ನಿಲ್ಲ. ಪಂಡಿತ ಶಿವನಂಜಯ್ಯೋರು ನಾಡಿ ಇಡ್ದು, ವಿರುದ್ಧಾಹಾರ ಅಂದ್ರು. ಮೀನು ತಂದ್ಕೊಟ್ಟೋನು ದೊಡ್ಡಸಿದ್ದಯ್ಯ, ಆಲು ತಂದ್ಕೊಟ್ಟೋಳು ಅವನೆಂಡ್ತಿ ದೊಡ್ಡಮಾದಮ್ಮ. ಅಂದ್ಮೇಲೆ ರೋಗದ ಮೂಲ ಆ ಮನೇನೇ ಅಂತ ಪ್ರೆಸಿಡೆಂಟ್ ಕೆಂಪನಂಜಪ್ಪೋರು ತಮಟೆ ಬಾರ್ಸಿ ಸಾರಿಸ್ಬುಟ್ರು: "ವಿರುದ್ಧ ಪದಾರ್ಥಗಳ ಲೈಸೆನ್ಸುದಾರರು ಒಂದೇ ಮನೆಯಲ್ಲಿ ವಾಸಿಸತಕ್ಕದ್ದಲ್ಲ. ಗಂಡ ಹೆಂಡತಿ ಎಂಬ ಸಬೂಬು ನಡೆಯುವುದಿಲ್ಲ."

ಮದ್ವೆ ಆಗಿ ಆರೇ ತಿಂಗ್ಳು. ಸಿದ್ದಯ್ಯ ಚಾಪೆ ಸುತ್ಕಂಡು ಊರಾಚೆ ಬಂಡಿ ಶೆಡ್ಡಿಗೆ ಓದ. ಮೂರ್ನೇ ದಿನ ಮಾದಮ್ಮ ಬಂದು ಬೋರ್ಡಾಫೀಸ್ ಜಗಲಿ ಮುಂದೆ ನಿಂತ್ಳು. ನಾ ಆಲು ಬುಟ್ಟು ತುಪ್ಪ ಕಾಯ್ಸಿ ಮಾರ್ತೀನಿ, ಅವ್ನು ಮೀನ್ ಬುಟ್ಟು ಮಾದಪ್ಪನ ಬೆಟ್ಟದ ಕಡೆ ಜೇನ್ ತಂದು ಮಾರ್ತಾನೆ, ನನ್ ಗಂಡನ್ನ ಮನೇಗ್ ಕಳ್ಸಿ ಅಂದ್ಳು. ಪಂಡಿತ್ರು ಪುಸ್ತಕ ಬಿಚ್ಚುದ್ರು.

"ಜೇನೂ ತುಪ್ಪಾನೂ ಜೊತೇಲಿರ್ಬೋದು. ಸಮತೂಕ ಆದ್ರೆ ಮಾತ್ರ ವಿಷ."

"ನಾವು ಸಮ ಬೆರ್ಸಾಕಿಲ್ಲ ಸಾ."

"ಪದಾರ್ಥ ಅಲ್ಲಮ್ಮ," ಅಂದ್ರು ಪ್ರೆಸಿಡೆಂಟ್ರು. "ಲೈಸೆನ್ಸುದಾರರು."

ತೂಗುದ್ರು. ಪ್ರೆಸಿಡೆಂಟ್ರದೇ ಬೆಲ್ಲದ ಮಂಡಿ ತಕ್ಕಡಿ, ಬೋರ್ಡಿಗೆ ಬಾಡಿಗೆ ಮೇಲೆ. ಒಂದ್ ತಟ್ಟೇಲಿ ಅವ, ಇನ್ನೊಂದ್ರಲ್ಲಿ ಅವ್ಳು, ಒಬ್ರ ಮೊಕ ಒಬ್ರು ನೋಡ್ಕಂಡು. ಮುಳ್ಳು ನೆಟ್ಟಗೆ ನಿಂತ್ಬುಡ್ತು ಕಣ್ರಿ, ಒಂದ್ ಕೂದ್ಲಷ್ಟೂ ಅತ್ಲಾಗಿಲ್ಲ ಇತ್ಲಾಗಿಲ್ಲ. ಜನ ಎರಡೆಜ್ಜೆ ಇಂದಕ್ ಸರುದ್ರು. ಪಂಡಿತ್ರು ಮೂಗಿಗೆ ವಸ್ತ್ರ ಇಡ್ಕಂಡ್ರು. ಸಿದ್ದಯ್ಯ ತಟ್ಟೆ ಇಳ್ದು ವಾಪಸ್ ಶೆಡ್ಡಿಗೆ.

ಆ ವಾರ ಇಡೀ ಊರೇ ಮಾದಮ್ಮನಿಗೆ ಉಣ್ಣಾಕಿಕ್ತು. ಮುದ್ದೆ, ಅವರೆಕಾಳ್ ಸಾರು, ಕೊಬ್ರಿ ಬೆಲ್ಲ, ಯಾವ್ದು ಯಾವ್ದಕ್ಕೆ ವಿರುದ್ಧ ಅಂತ ಯಾರೂ ಕೇಳ್ನಿಲ್ಲ. ಸಿದ್ದಯ್ಯನಿಗೆ ನೀರ್‌ಮಜ್ಜಿಗೆ. ಮುಂದಿನ ಸೋಮ್ವಾರ ತುಪ್ಪದ ತಟ್ಟೆ ಕೆಳೀಕ್ ಬಂತು, ಜನ ಚಪ್ಪಾಳೆ ತಟ್ಟುದ್ರು, ಬೋರ್ಡು ಅಲ್ಲೇ ನಿಯಮ ಪಾಸ್ ಮಾಡ್ತು: ದಂಪತಿಗಳು ಪ್ರತಿ ಸೋಮವಾರ ತೂಗಿಸಿಕೊಳ್ಳತಕ್ಕದ್ದು, ತುಪ್ಪದ ತಟ್ಟೆ ಕೆಳಗಿರತಕ್ಕದ್ದು.

ಈಗೆಲ್ಲಾ ಸರಿಯಾಗೇ ಅದೆ. ಮದ್ವೆಗ್ ಮುಂಚೆ ಗಂಡು ಎಣ್ಣನ್ನ ಆ ತಕ್ಕಡೀಲಿ ಕೂರ್ಸಿ ನೋಡೋದು ವಾಸಿ ಅಂತ ಬೇರೆ ಊರೋರೂ ಬತ್ತಾವ್ರೆ. ಇನ್ಸ್‌ಪೆಕ್ಟ್ರು ತಿರ್ಗ ಬಂದಿದ್ರು, ತಕ್ಕಡಿ ನೋಡಿ ಭೇಷ್ ಅಂತ ಬರ್ದೋದ್ರು. ಚರಂಡಿ ಅಂಗೇ ಅದೆ.

ನಿನ್ನೆ ಭಾನ್ವಾರ ನಾನು ಅವರ ಮನೇಗ್ ಓಗಿದ್ದೆ. ಉಣ್ತಾ ಕೂತಿದ್ರು. ಸಿದ್ದಯ್ಯ ಎರಡ್ನೇ ಮುದ್ದೇಗೆ ಕೈಯಾಕ್ದ. ಮಾದಮ್ಮ ಅವನ ಕೈ ಇಡ್ಕಂಡ್ಳು.

"ಬ್ಯಾಡ ಕನ. ನಾಳೆ ಸೋಮಾರ."

ಅವ ಮುದ್ದೆ ಮುರ್ದು, ದೊಡ್ಡ ಪಾಲ್ನ ಅವಳ ತಟ್ಟೇಗೆ ಮಡಗ್ದ.