ಎಲ್ಲಾ ನೀರಿಗೂ ಆಗುವ ಒಂದು ಗಾಳದ ಕೋಲು

ಅಂಗಡಿಯಲ್ಲಿ ಕೂತವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಹುಣಸೂರಿನಲ್ಲಿ ನಮ್ಮದು ಹಗ್ಗ, ಟಾರ್ಪಾಲು, ನೀರಿನ ಪೈಪಿನ ಅಂಗಡಿ. ಅದರ ಒಂದು ಮೂಲೆಯಲ್ಲಿ ಗಾಳದ ಕೋಲು, ರೀಲು, ಕೊಕ್ಕೆ, ನೈಲಾನ್ ದಾರ. ಆ ಮೂಲೆ ನನ್ನ ಯಜಮಾನರ ಹುಚ್ಚು. ಅವರು ತೀರಿಕೊಂಡು ಎರಡು ವರ್ಷವಾಯಿತು, ಹುಚ್ಚು ನನ್ನ ಪಾಲಿಗೆ ಬಂತು. ನಾನೋ, ಮೀನನ್ನು ಸಾರಿನಲ್ಲಿ ಬಿಟ್ಟು ಬೇರೆಲ್ಲೂ ಹಿಡಿದವಳಲ್ಲ.

ಬಂದವರೆಲ್ಲ ಮೊದಲು ಕೇಳುವುದು, "ಯಜಮಾನ್ರಿಲ್ವಾ?" ಇಲ್ಲ ಅಂದರೆ, "ಯಾವಾಗ ಬತ್ತಾರೆ?" ಇದಕ್ಕೆ ಏನು ಹೇಳುವುದು! ಈಗ ನೇರವಾಗಿ "ಏನು ಬೇಕಿತ್ತು ಹೇಳಿ" ಅನ್ನುವುದನ್ನು ಕಲಿತಿದ್ದೇನೆ. ಆಮೇಲೆ ಎಲ್ಲರದೂ ಒಂದೇ ಬೇಡಿಕೆ: "ಕೆರೆಗೂ ಆಗ್ಬೇಕು, ಹೊಳೆಗೂ ಆಗ್ಬೇಕು, ಡ್ಯಾಮಿನ ಹಿನ್ನೀರಿಗೂ ಆಗ್ಬೇಕು, ಅಂಥದ್ದೊಂದು ಕೊಡಿ." ನಾನು ಯಜಮಾನರ ಮಾತನ್ನೇ ಬಾಯಿಪಾಠ ಒಪ್ಪಿಸುತ್ತೇನೆ. ಏಳಡಿ ಉದ್ದ ಇರಲಿ. ತೀರಾ ಗಟ್ಟಿಯೂ ಬೇಡ, ತೀರಾ ಮೆತ್ತಗೂ ಬೇಡ. ತುದಿ ಬಾಗಬೇಕು, ಬುಡ ಬಾಗಬಾರದು. ಬಸ್ಸಿನಲ್ಲಿ ಒಯ್ಯಲು ಎರಡು ತುಂಡಾಗಿ ಬಿಚ್ಚುವಂತಿರಬೇಕು. ಅಂಥ ಅವರದೇ ಒಂದು ಕೋಲು ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಅದು ಮಾರುವುದಕ್ಕಲ್ಲ.

ಅದರ ಕೆಳಗೆ, ಸ್ಟೂಲಿನ ಮೇಲೆ, ನನ್ನ ಅತ್ತೆ. ಮೊದಲೆಲ್ಲ ನಾನು ಮಾಡಿದ ಸಾರಿಗೆ ಹೆಸರಿಡದೆ ಅವರು ಕೈ ತೊಳೆದದ್ದೇ ಇಲ್ಲ. ಉಪ್ಪು ಹೆಚ್ಚಾಯಿತು, ಹುಳಿ ಸಾಲದು, ಖಾರ ಎಲ್ಲಿ ಹೋಯಿತು. ಮಗ ಹೋದ ಮೇಲೆ ಹಾಕಿದ್ದನ್ನು ಹಾಕಿದ ಹಾಗೆ ಉಂಡು ಎದ್ದುಬಿಡುತ್ತಾರೆ. ಮೀನು ಮಾತ್ರ ಮುಟ್ಟುವುದಿಲ್ಲ. ಸಂತೆಯಿಂದ ತಂದು ಮಾಡಿ ಬಡಿಸಿದೆ. ತಟ್ಟೆ ಪಕ್ಕಕ್ಕೆ ಸರಿಸಿ, "ಅವ್ನು ಹಿಡ್ಕಂಡು ತತ್ತಿದ್ದ, ಉಣ್ತಿದ್ದೆ" ಎಂದರು, ಅಷ್ಟೇ. ಅವರ ಬೈಗುಳವಿಲ್ಲದೆ ಅಡುಗೆಮನೆ ಇಷ್ಟು ಭಣಗುಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಕಾಲು ಯಾವ ಕಡೆ?

ಎಚ್.ಡಿ. ಕೋಟೆ ತಾಲೂಕಿನ ಅಂತರಸಂತೆ ಕಡೆಯವರೊಬ್ಬರು ಬಂದು, ಅಂಗಡಿಯಲ್ಲಿರುವುದರಲ್ಲೆಲ್ಲ ಉದ್ದದ ಕೋಲು ಬೇಕೆಂದರು.

"ಎಲ್ಲಿಗೆ?"

"ಕೆರೇಗೆ ಕಣಕ್ಕಾ."

"ಕೆರೆಗೆ ಅಷ್ಟುದ್ದ ಯಾಕೆ? ಏಳಡಿ ಸಾಕಲ್ಲ."

ಆಚೆ ಈಚೆ ನೋಡಿ ದನಿ ಇಳಿಸಿದರು. "ಕೆರೆ ಕಾಡೊಳಗೈತೆ. ನಮ್ಮೊಲ ಕಾಡಂಚಲ್ಲೈತೆ. ನಾನು ನಮ್ಮೊಲದಾಗೇ ನಿಂತಿರ್ತೀನಿ. ಕಾಲು ಈಚೆಗಿದ್ರೆ ಕೇಸಾಗಲ್ಲ ಅಲ್ವಾ?"

"ಮೀನು ಕಾಡಿನದಲ್ವೇನಪ್ಪಾ?"

"ನೀರಲ್ಲಿರೋಗಂಟ ಕಾಡಿಂದು. ಈಚೆಗೆ ಬಂದ್ಮೇಲೆ ನಮ್ದು. ಫಾರೆಸ್ಟ್‌ನೋರ ಆನೆ ಈಚೆಗೆ ಬಂದು ನಮ್ಮ ರಾಗಿ ತಿಂತಲ್ಲ, ಯಾರ ಮ್ಯಾಲೆ ಕೇಸಾಯ್ತು?"

ಅವರ ನ್ಯಾಯದಲ್ಲಿ ತಪ್ಪು ಹುಡುಕುವುದು ಕಷ್ಟವೇ. ಆದರೂ ಕೋಲು ಕೊಡಲಿಲ್ಲ. "ಆನೆಗಾದರೆ ಎಲ್ಲಾ ಮಾಫಿ. ನಿಮ್ಮನ್ನ ಬಿಡ್ತಾರಾ?" ಎಂದೆ.

ಅವರು ಸ್ವಲ್ಪ ಯೋಚಿಸಿ, "ಅಂಗಾದ್ರೆ ಆನೇಗೇ ಒಂದು ಕೋಲು ಕೊಟ್ಬುಡಿ" ಎಂದು ಹೊರಟರು.

ಮೂಸಿ ನೋಡುವ ಗಿರಾಕಿ

ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರ ಪಾಡು ಕೇಳಬೇಡಿ. ಬೆಳೆದು, ಒಲೆಮನೆಯ ಕಾವಿನಲ್ಲಿ ಹದವಾಗಿ ಬೇಯಿಸಿ, ಹೊರೆಹೊರೆಯಾಗಿ ಬೇಲು ಕಟ್ಟಿ ಹರಾಜಿಗೆ ಒಯ್ದರೆ, ಯಾರೋ ಬಂದು ಎಲೆ ಎಳೆದು, ಮೂಸಿ ನೋಡಿ "ಬ್ರೈಟು", "ಮೀಡಿಯಂ", "ಲೋ ಗ್ರೇಡು" ಎಂದು ಮುಂದೆ ನಡೆಯುತ್ತಾರೆ. ಯಾರೂ ಬೆಲೆ ಕೂಗದಿದ್ದರೆ ಅದಕ್ಕೆ "ನೋ ಬಿಡ್" ಅನ್ನುತ್ತಾರೆ. ಆ ಬೇಲನ್ನು ಬಾಯಿ ಮುಚ್ಚಿಕೊಂಡು ಮನೆಗೆ ಹೊತ್ತುಕೊಂಡು ಬರಬೇಕು.

ಅಂಥ ರೈತರೊಬ್ಬರು ಎಲ್ಲಕ್ಕೂ ಆಗುವ ಕೋಲು ಕೇಳಿಕೊಂಡು ಬಂದರು. ನಾನು ಬಾಯಿಪಾಠ ಶುರುಮಾಡುವ ಮೊದಲೇ ಕೈ ಅಡ್ಡ ಹಿಡಿದು, ಒಂದು ಕೋಲನ್ನು ಬಾಗಿಲ ಬೆಳಕಿಗೆ ಒಯ್ದರು. ಬಾಗಿಸಿದರು, ಸವರಿದರು, ಕೊನೆಗೆ ಮೂಗಿನ ಹತ್ತಿರ ತಂದು ಮೂಸಿದರು.

"ಲೋ ಗ್ರೇಡು."

ಇನ್ನೊಂದು. "ಮೀಡಿಯಮ್ಮು. ಬಣ್ಣ ಬಂದಿಲ್ಲ."

ಹೀಗೆ ಮೂಲೆಯ ಕೋಲುಗಳನ್ನೆಲ್ಲ ಹೊರಗೆ ಹಾಸಿಸಿದರು. ಅತ್ತೆ ಗಲ್ಲಕ್ಕೆ ಕೈಕೊಟ್ಟು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಕೊನೆಗೆ ನಾನು, "ಯಾವುದು ಕಟ್ಟಲಿ?" ಎಂದೆ.

"ಇವತ್ತು ನೋ ಬಿಡ್ ಕಣಮ್ಮಾ" ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು.

ಮೈಯೆಲ್ಲಾ ಉರಿಯಿತು. ಕೋಲುಗಳನ್ನು ಮತ್ತೆ ಜೋಡಿಸುವಾಗ ಉರಿ ಇಳಿಯಿತು. ವರ್ಷವೆಲ್ಲ ಇನ್ನೊಬ್ಬರ ಬಾಯಿಂದ ಗ್ರೇಡು ಕೇಳಿಸಿಕೊಳ್ಳುವ ಮನುಷ್ಯ, ಒಂದು ದಿನ ತಾನೂ ಹೇಳಲಿ ಬಿಡಿ. ಆದರೂ ಗಾಳದ ಕೋಲನ್ನು ಮೂಸಿ ನೋಡಿದ ಇನ್ನೊಬ್ಬ ಗಿರಾಕಿಯನ್ನು ನಾನು ಕಂಡಿಲ್ಲ.

ಬೀಳದ ಮೀನು

ಕೆ.ಆರ್. ನಗರದಿಂದ ಗಂಡ ಹೆಂಡತಿ ಬಂದಿದ್ದರು. ಗಂಡ ಈಗಷ್ಟೇ ರಿಟೈರ್ ಆದವರು. ಅವರು ರೀಲು ತಿರುಗಿಸಿ ನೋಡುತ್ತಿದ್ದಾಗ ಹೆಂಡತಿ ನನ್ನ ಕಿವಿಯ ಹತ್ತಿರ ಬಂದರು.

"ಮೀನು ಬೀಳದೇ ಇರೋ ಅಂಥದ್ದು ಯಾವುದಾದ್ರೂ ಐತಾ? ಭಾನುವಾರ ಮನೆಯಿಂದ ಆಚೆಗಿದ್ರೆ ಸಾಕು ಕಣ್ರೀ. ಮೀನು ತಂದ್ರೆ ಉಜ್ಜೋಳು ನಾನು."

ನಾನು ಏಳಡಿಯದನ್ನೇ ಕಟ್ಟಿಕೊಟ್ಟೆ. ಹೆಂಡತಿ ಮೆಟ್ಟಿಲಿಳಿದ ಮೇಲೆ ಗಂಡ ಹಿಂದೆ ಬಂದು, "ಇದ್ರಲ್ಲಿ ಜಾಸ್ತಿ ಬೀಳ್ತಾವಾ?" ಎಂದರು.

"ಬೀಳ್ತಾವೆ ಸಾರ್. ಯಾಕೆ?"

"ಏನಿಲ್ಲ, ಒದ್ದಾಡೋ ಮೀನು ಮುಟ್ಟಕ್ಕೆ ನಂಗೆ ಭಯ. ನೀರು ನೋಡ್ಕಂಡು ಸುಮ್ನೆ ಕೂತಿರಾನ ಅಂತ. ಅವಳಿಗೆ ಹೇಳ್ಬೇಡಿ, ಮೀನು ಮೀನು ಅಂತ ಆಸೆ ಇಟ್ಕಂಡವಳೆ."

ಅವರಿಗೆ ಕೊಕ್ಕೆ ಇಲ್ಲದ ದಾರವೇ ಸಾಕಾಗಿತ್ತು.

ನನ್ನ ಸರದಿ

ಅವರಿಬ್ಬರು ಹೋದ ಮೇಲೆ ಯೋಚನೆ ಹತ್ತಿತು. ಅತ್ತೆಗೆ ಬೇಡವಾಗಿರುವುದು ಸಂತೆಯ ಮೀನು. ಮನೆಯವರು ಹಿಡಿದು ತಂದದ್ದಾದರೆ? ಮನೆಯವರು ಅಂದರೆ ಈಗ ಉಳಿದಿರುವುದು ನಾನೇ. ನಾನೇ ಹಿಡಿಯಬೇಕು.

ಊರಿಗೆಲ್ಲ ಕೋಲು ಆರಿಸಿಕೊಡುವ ನನಗೆ ನನ್ನದೊಂದು ಆರಿಸಲು ಬರಲಿಲ್ಲ. ಒಂದು ಭಾರ, ಒಂದು ತೀರಾ ಸಣ್ಣ, ಇನ್ನೊಂದರ ಹಿಡಿ ಕೈಗೆ ಕೂರಲಿಲ್ಲ. ನೋಡಿ ನೋಡಿ ಅತ್ತೆ ಎದ್ದು, ಮೊಳೆಯಿಂದ ಮಗನ ಕೋಲು ಇಳಿಸಿದರು. ಸೆರಗಿನಿಂದ ಧೂಳು ಒರೆಸಿದರು.

"ಬುಡ ಬಾಗ್ಬಾರ್ದು, ತುದಿ ಬಾಗ್ಬೇಕು ಅಂತ ಎಲ್ರಿಗೂ ಪಾಠ ಹೇಳ್ತೀಯಲ್ಲ, ಇದು ಕಣ್ಗೆ ಕಾಣಾಕಿಲ್ವಾ?"

ಎರಡು ವರ್ಷದಲ್ಲಿ ಅವರು ನನ್ನನ್ನು ಬೈದದ್ದು ಅದೇ ಮೊದಲು. ಜೀವಕ್ಕೆ ತಂಪಾಯಿತು.

ಭಾನುವಾರ ಚುಂಚನಕಟ್ಟೆಗೆ ಹೋದೆವು. ಅದು ಅತ್ತೆಯ ತೌರು. ಗದ್ದೆ ಬಯಲಿನ ನಾಲೆಯ ಏರಿಯ ಮೇಲೆ ಕೂತು, ಬುತ್ತಿಯ ಮುದ್ದೆಯಿಂದ ಒಂದು ಚೂರು ಉಂಡೆ ಮಾಡಿ ಕೊಕ್ಕೆಗೆ ಸಿಕ್ಕಿಸಿದೆ. ಬೀಸಿದೆ. ಕೊಕ್ಕೆ ನನ್ನ ಸೆರಗಿಗೇ ಸಿಕ್ಕಿತು.

"ಗಾಳ ಹಾಕು ಅಂದ್ರೆ ಸೀರೆ ಒಣಗಾಕ್ತಿದ್ದೀಯಾ?" ಎಂದರು ಅತ್ತೆ.

ಬಿಡಿಸಿಕೊಂಡು ಮತ್ತೆ ಬೀಸಿದೆ, ಹಿಂದಿನ ಗಿಡಕ್ಕೆ ಸಿಕ್ಕಿತು. ಅದಕ್ಕೂ ಬೈದರು. ಎರಡು ವರ್ಷದ ಬಾಕಿಯನ್ನೆಲ್ಲ ಆ ಏರಿಯ ಮೇಲೆ ತೀರಿಸಿಕೊಂಡರು. ಕೊನೆಗೊಮ್ಮೆ ಗಾಳ ನೀರಿಗೆ ಬಿತ್ತು. ಇಬ್ಬರೂ ಕೋಲಿನ ತುದಿಯ ಮೇಲೇ ಕಣ್ಣಿಟ್ಟು ಕೂತೆವು. ಆಮೇಲೆ ತುದಿ ಬಾಗಿತು, ಯಜಮಾನರು ಹೇಳುತ್ತಿದ್ದ ಹಾಗೇ. ನಾನು ಗಾಬರಿಯಲ್ಲಿ ಎಳೆದ ರಭಸಕ್ಕೆ ಅಂಗೈಯಗಲದ ಒಂದು ಜಿಲೇಬಿ ಮೀನು ಹಾರಿ ಬಂದು ಅತ್ತೆಯ ಮಡಿಲಲ್ಲೇ ಬಿತ್ತು.

ಅತ್ತೆ ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದರು. "ಬಂತು ಕಣಮ್ಮೀ" ಎಂದರು. ಅವರ ಕಣ್ಣಲ್ಲಿ ನೀರು. ನಾನೂ ಅತ್ತುಬಿಟ್ಟೆ. ಮೀನು ಮಾತ್ರ ಬಾಲ ಬಡಿಯುತ್ತಿತ್ತು.

ಸಂಜೆ ಸಾರು ಮಾಡಿ ಬಡಿಸಿ, ಎದುರಿಗೇ ಕೂತೆ. ತಟ್ಟೆ ಸರಿಸುತ್ತಾರೋ ಏನೋ ಎಂದು ಅವರ ಕೈಯನ್ನೇ ನೋಡುತ್ತಿದ್ದೆ. ಅತ್ತೆ ಮೀನಿನ ತುಂಡೊಂದನ್ನು ಎತ್ತಿ ಬಲ್ಬಿನ ಬೆಳಕಿಗೆ ಹಿಡಿದರು. ಅತ್ತ ಇತ್ತ ತಿರುಗಿಸಿದರು. ಮೂಸಿದರು. ಬಾಯಿಗಿಟ್ಟು, ಮುಳ್ಳು ಬಿಡಿಸಿ, ನಿಧಾನವಾಗಿ ಅಗಿದು ನುಂಗಿದರು.

"ಮೀನು ಬ್ರೈಟು" ಎಂದರು. "ಸಾರು ಲೋ ಗ್ರೇಡು."

ನಗು ತಡೆದುಕೊಂಡು, "ಹಾಗಾದರೆ ನೋ ಬಿಡ್ಡಾ ಅತ್ತೆ?" ಎಂದು ಕೇಳಿದೆ.

ಅತ್ತೆ ತಟ್ಟೆ ಮುಂದಕ್ಕೆ ತಳ್ಳಿದರು. "ಬೇಲು ವಾಪಸ್ ಕಳ್ಸಾಕೆ ನಂಗೇನ್ ತಲೆ ಕೆಟ್ಟೈತಾ? ಹಾಕು ಇನ್ನೊಂದ್ ಸೌಟು."