ಹೋಬರ್ಟನ ಹಗುರ ರಿವಾಲ್ವರ್

"ಇವತ್ತಿನಿಂದ ಈ ಮನೆಯ ರಕ್ಷಣೆ ನನ್ನ ಕೈಯಲ್ಲಿ!" ಎಂದು ಹೋಬರ್ಟ್ ಪ್ರೂಯಿಟ್ ಕಾಫಿ ಮಗ್ಗನ್ನು ಮೇಜಿಗೆ ಕುಟ್ಟಿ ಘೋಷಿಸಿದ. ಓಕ್ಲಹೋಮಾದ ಒಂದು ಸಣ್ಣ ಊರಿನ ಅಂಚಿನಲ್ಲಿದ್ದ ಆ ಮನೆ ಇಷ್ಟು ವರ್ಷ ಯಾರ ಕೈಯಲ್ಲಿತ್ತು ಎಂಬುದನ್ನು ಅವನು ಹೇಳಲಿಲ್ಲ. ಹೆಂಡತಿ ನೇಡೀನ್ ಬಾಣಲೆಯ ಮೊಟ್ಟೆಯಿಂದ ತಲೆ ಎತ್ತಲೂ ಇಲ್ಲ.

"ಏನಾಯ್ತೀಗ?"

"ಪಕ್ಕದ ಮನೆಯವರ ಹುಲ್ಲು ಕತ್ತರಿಸೋ ಮಷೀನು ಕಳ್ಳತನ ಆಗಿದೆ!"

"ಕಳ್ಳತನ ಅಲ್ಲ. ಅವರ ಅಳಿಯ ಹೇಳದೇ ಕೇಳದೇ ತಗೊಂಡು ಹೋಗಿದಾನೆ."

"ಅದಕ್ಕೇ ಕಣೇ ಕಳ್ಳತನ ಅನ್ನೋದು!"

ಹೀಗೆ ಪೀಠಿಕೆ ಮುಗಿಸಿ ಹೋಬರ್ಟ್ ಜೇಬಿಗೆ ಕೈಹಾಕಿ, ಸಾಮ್ರಾಜ್ಯದ ಮುದ್ರೆ ತೆಗೆಯುವವನಂತೆ ಗಂಭೀರವಾಗಿ ಒಂದು ಪುಟ್ಟ ರಿವಾಲ್ವರ್ ತೆಗೆದು ಮೇಜಿನ ಮೇಲಿಟ್ಟ. ಮೊಂಡು ಮೂಗು, ಐದೇ ಗುಂಡು, ಮುಷ್ಟಿ ಮುಚ್ಚಿದರೆ ಅರ್ಧ ಮಾಯ. ತೂಕವಂತೂ ಒಂದು ದೊಡ್ಡ ಆಲೂಗಡ್ಡೆಗಿಂತ ಹೆಚ್ಚಿಲ್ಲ.

"ನೋಡು! ಜೇಬಲ್ಲಿದೆ ಅಂತಾನೇ ಗೊತ್ತಾಗಲ್ಲ!"

"ತಿಜೋರೀಲಿ ನಮ್ಮಪ್ಪನ ರಿವಾಲ್ವರ್ ಇದ್ಯಲ್ಲ?"

"ಅದಾ? ಅದು ಉಕ್ಕಿನ ಗುಂಡುಕಲ್ಲು! ಸೊಂಟಕ್ಕೆ ಸಿಕ್ಕಿಸಿಕೊಂಡ್ರೆ ಪ್ಯಾಂಟು ಮೊಣಕಾಲಿಗೆ ಬರುತ್ತೆ."

"ಪ್ಯಾಂಟು ಜಾರೋದಕ್ಕೆ ಕಾರಣ ನಮ್ಮಪ್ಪನ ರಿವಾಲ್ವರ್ ಅಲ್ಲ ಹೋಬರ್ಟ್, ನಿನ್ನ ಹೊಟ್ಟೆ."

ಪಕ್ಕದ ಮನೆಯ ಮಷೀನು ನೆಪ ಮಾತ್ರ. ನಿಜವಾದ ಸಂಗತಿ ಬೇರೆ ಇತ್ತು. ಊರ ಹೊರಗಿನ ಗನ್ ಕ್ಲಬ್ಬಿನಲ್ಲಿ ಶನಿವಾರ ಬೆಳಿಗ್ಗೆ ಚರ್ಚಿನ ಹೆಂಗಸರಿಗೆ ಗುಂಡು ಹೊಡೆಯುವುದನ್ನು ಕಲಿಸುತ್ತಿದ್ದ ಮುದುಕ, ಮಗಳ ಮನೆಗೆಂದು ಅರಿಜೋನಾಕ್ಕೆ ಹೊರಟುಹೋಗಿದ್ದ. ಅವನ ಜಾಗ ಖಾಲಿ! ಶಿಕ್ಷಕನಿಗೆ ತೋಳಿಲ್ಲದ ಕಿತ್ತಳೆ ಬಣ್ಣದ ಕೋಟು; ಅದರ ಬೆನ್ನ ಮೇಲೆ ದಪ್ಪಕ್ಷರದಲ್ಲಿ 'ಶಿಕ್ಷಕ'. ಹೋಬರ್ಟ್ ಕೌಂಟಿಯ ರಸ್ತೆ ಸಮ ಮಾಡುವ ದೈತ್ಯ ಯಂತ್ರವನ್ನು ಆಯುಷ್ಯವಿಡೀ ಓಡಿಸಿ ನಿವೃತ್ತನಾದವನು. ಆಗ ಎಲ್ಲಿ ಮಣ್ಣು ಕುಸಿದರೂ ಜನ ಅವನನ್ನೇ ಕೇಳುತ್ತಿದ್ದರು. ಈಗ ಅವನನ್ನು ಯಾರೂ ಏನೂ ಕೇಳುವುದಿಲ್ಲ. ಅದರಿಂದ ಅವನಿಗೆ ನಿಜವಾಗಿಯೂ ನೋವಾಗಿತ್ತು. ಆ ಕೋಟು ಹಾಕಿಕೊಂಡರೆ ಯಾರಾದರೂ ಏನಾದರೂ ಕೇಳಿಯೇ ಕೇಳುತ್ತಾರೆ ಎಂದು ಅವನ ಲೆಕ್ಕ.

ಕ್ಲಬ್ಬಿನ ಯಜಮಾನ ಲಾನಿ ಒಂದೇ ಮಾತು ಹೇಳಿದ್ದ. "ಹೆಂಗಸರು ಕೈಚೀಲದಲ್ಲಿ ಇಟ್ಕೊಳ್ಳೋದು ಪುಟಾಣಿ ರಿವಾಲ್ವರ್ ಕಣಯ್ಯಾ. ಅಂಥದ್ದರಲ್ಲೇ ಅವರೆದುರಿಗೆ ಐದು ಸಲ ಟ್ರಿಗರ್ ಎಳೆದು ತೋರ್ಸು. ಚೆನ್ನಾಗಿ ಬಂದ್ರೆ ಕೋಟು ನಿಂದು."

ಅಂಗಡಿಯವನು ಮಾತ್ರ ಕೊಡುವಾಗಲೇ ಎಚ್ಚರಿಸಿದ್ದ. "ಹಗುರ ಇದ್ದಷ್ಟೂ ಒದೆತ ಜಾಸ್ತಿ ಸಾರ್."

"ಹನ್ನೆರಡು ಟನ್ನಿನ ಯಂತ್ರ ಪಳಗಿಸಿದ ಕೈ ಇದು," ಎಂದು ಹೋಬರ್ಟ್ ನಕ್ಕಿದ್ದ.

ಅಭ್ಯಾಸ ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ, ಮಣ್ಣುದಿಬ್ಬದ ಮುಂದೆ. ಗುರಿಗೆ ನೇಡೀನಳ ಪಿಕ್ನಿಕ್ಕಿನ ಕಾಗದದ ತಟ್ಟೆ. ಹೋಬರ್ಟ್ ಕನ್ನಡಕ ಹಾಕಿಕೊಂಡ, ಕಿವಿಗೆ ಮುಚ್ಚಳ ಸಿಕ್ಕಿಸಿಕೊಂಡ, ಕಾಲು ಅಗಲಿಸಿ ವೀರಭಂಗಿಯಲ್ಲಿ ನಿಂತ, ಟ್ರಿಗರ್ ಎಳೆದ.

ಢಂ!

ಯಾರೋ ಓಡಿಬಂದು ಅಂಗೈಯ ಮೇಲೆ ಕಾರಿನ ಬಾಗಿಲು ಬಡಿದ ಹಾಗಾಯಿತು. ಹೋಬರ್ಟನ ಟೋಪಿ ಹಿಂದಕ್ಕೆ ಹೋಯಿತು, ಹಲ್ಲು ಮುಂದಕ್ಕೆ ಬಂತು. ಆದರೂ ಗಂಡಸು! ಉಳಿದ ನಾಲ್ಕನ್ನೂ ಹೊಡೆದ. ಎರಡನೆಯದಕ್ಕೆ ಕಣ್ಣು ತಾನಾಗಿ ಮುಚ್ಚಿತು. ಮೂರನೆಯದಕ್ಕೆ ಭುಜ ಕಿವಿಯವರೆಗೆ ಏರಿತು. ಕೊನೆಯದಂತೂ ಬೇಲಿಯಾಚೆಯ ಮೋಡಕ್ಕೆ ತಗುಲಿರಬೇಕು. ನೇಡೀನ್ ಹೋಗಿ ತಟ್ಟೆಯನ್ನು ಬಿಡಿಸಿಕೊಂಡು ಬಂದಳು.

"ತಟ್ಟೆಗೆ ಏನೂ ಆಗಿಲ್ಲ. ರಾತ್ರಿ ಊಟಕ್ಕೆ ಇದರಲ್ಲೇ ಬಡಿಸ್ತೀನಿ."

"ಗಾಳಿ ಇತ್ತು ಕಣೇ!"

"ಹ್ಞೂಂ. ನಿನ್ನ ಕಣ್ರೆಪ್ಪೇದೇ ಇರ್ಬೇಕು."

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಒದೆತ ಅಂಗೈಯಿಂದ ತೋಳಿಗೆ, ತೋಳಿನಿಂದ ತಲೆಗೆ ಏರಿ ಅಲ್ಲೇ ಮನೆಮಾಡಿತು! ಮರುದಿನ ಟೋಸ್ಟರಿನಿಂದ ಬ್ರೆಡ್ಡು ಟಪ್ಪೆಂದು ಮೇಲೆದ್ದಿತು. ಹೋಬರ್ಟನೂ ಕುರ್ಚಿಯಿಂದ ಎದ್ದ. ಗಾಳಿಗೆ ಜಾಲರಿ ಬಾಗಿಲು ಬಡಿಯಿತು. ಅವನ ಕೈಯ ಕಾಫಿ ಅಂಗಿಗೆ ಬಿತ್ತು. ಚರ್ಚಿನಲ್ಲಿ ಪಾದ್ರಿ ಪಾಪದ ವಿಷಯ ಹೇಳುತ್ತಾ ಮೇಜು ಗುದ್ದಿದಾಗ ಹೋಬರ್ಟ್ ಎಷ್ಟು ಜೋರಾಗಿ ಬೆಚ್ಚಿದನೆಂದರೆ, ಇವನು ಏನೋ ದೊಡ್ಡದನ್ನೇ ಮಾಡಿಕೊಂಡಿದ್ದಾನೆ ಎಂದು ಹಿಂದಿನ ಸಾಲಿನವರು ಪರಸ್ಪರ ಮುಖ ನೋಡಿಕೊಂಡರು.

"ನಿಂಗೆ ಹೆದರಿಕೆ ಹತ್ಕೊಂಡಿದೆ. ಸ್ವಲ್ಪ ದಿನ ಅಪ್ಪನ ಭಾರದ ರಿವಾಲ್ವರಲ್ಲಿ ಹೊಡಿ, ಕೈ ಸರಿಹೋಗುತ್ತೆ," ಎಂದಳು ನೇಡೀನ್.

"ಹೆದರಿಕೆ? ನಂಗಾ? ಇದು ಹೆದರಿಕೆಯಲ್ಲ, ಚುರುಕುತನ!"

ಬುಧವಾರ ರಾತ್ರಿ ಪಾದ್ರಿಯೂ ಅವರ ಹೆಂಡತಿ ವಿಲ್ಮಾಳೂ ಊಟಕ್ಕೆ ಬಂದರು. ವಿಲ್ಮಾ ಶನಿವಾರದ ತರಗತಿಗೆ ಹೆಸರು ಕೊಟ್ಟಿದ್ದಳು. ಒಲೆಯ ಮೇಲೆ ಬಿಳಿ ಗ್ರೇವಿ ಕುದಿಯುತ್ತಿತ್ತು. ಬನ್ನಿನ ಹಸಿ ಹಿಟ್ಟು ತುಂಬಿದ ರಟ್ಟಿನ ಡಬ್ಬಿಯನ್ನು ನೇಡೀನ್ ಗಂಡನ ಕೈಗೆ ಕೊಟ್ಟು, "ಇದನ್ನ ತಿರುಚಿ ತೆಗಿ" ಎಂದಳು. ಹೋಬರ್ಟನಿಗೆ ವಿಲ್ಮಾಳಂಥ ಶಿಷ್ಯೆ ಎದುರಿಗೆ ಸಿಕ್ಕ ಮೇಲೆ ಡಬ್ಬಿಯ ಮೇಲೆ ಗಮನವೆಲ್ಲಿ?

"ನೋಡಿ ವಿಲ್ಮಾ, ಹೊಸಬರು ಶಬ್ದಕ್ಕೆ ಮೊದಲೇ ಬೆಚ್ತಾರೆ. ಅದನ್ನ ಹಿಡಿಯೋಕೆ ನನ್ನ ಹತ್ರ ಒಂದು ಉಪಾಯ ಇದೆ. ಅವರಿಗೆ ಗೊತ್ತಾಗದ ಹಾಗೆ ಗುಂಡುಗಳ ಮಧ್ಯೆ ಹಾರಿಸಿದ ಖಾಲಿ ತೋಟಾ ಒಂದೆರಡು ಸೇರ್ಸೋದು. ಖಾಲಿ ಬಂದಾಗ ಬರೀ 'ಟಿಕ್' ಅನ್ನುತ್ತೆ. ಹೆದರುಪುಕ್ಕಲರು ಅದಕ್ಕೂ ಹಾರ್ತಾರೆ! ಪಾಪ, ಅವರ ಮುಖ ನೋಡ್ಬೇಕು ನೀವು! ಬೆಚ್ಚೋದು ಅನ್ನೋದು ಇದೆಯಲ್ಲ, ಅದು ಪೂರ್ತಿ ಮನಸ್ಸಿನ..."

ಫಟ್!

ಒಳಗೆ ಒತ್ತಿ ತುಂಬಿದ್ದ ಹಿಟ್ಟಿನ ಬಿರುಸಿಗೆ ಡಬ್ಬಿ ಬಾಯಿಬಿಟ್ಟಿತು. ಹೋಬರ್ಟ್ ಕಣ್ಣು ಮುಚ್ಚಿ ಎರಡೂ ಕೈ ಮೇಲೆತ್ತಿದ. ಡಬ್ಬಿ ಹಾರಿ ನೇರ ಗ್ರೇವಿಯ ಪಾತ್ರೆಗೆ ಬಿತ್ತು, ಗ್ರೇವಿ ಹಾರಿ ನೇರ ಪಾದ್ರಿಯ ಟೈಗೆ ಬಿತ್ತು.

"ಗುರಿ ಸುಧಾರಿಸಿದೆ," ಎಂದಳು ನೇಡೀನ್, ಬಟ್ಟೆ ತರಲು ಏಳುತ್ತಾ. ಹೋಗುವಾಗ ವಿಲ್ಮಾಳ ಕಡೆ ಒಮ್ಮೆ ನೋಡಿದಳು. ಆ ನೋಟದ ಅರ್ಥ ಹೋಬರ್ಟನಿಗೆ ಹೊಳೆಯಲಿಲ್ಲ.

ಶನಿವಾರ ಬಂತು. ಗನ್ ಕ್ಲಬ್ಬಿನ ತಗಡಿನ ಚಪ್ಪರದಡಿ ಚರ್ಚಿನ ಹೆಂಗಸರೆಲ್ಲ ಮಡಚುವ ಕುರ್ಚಿಗಳಲ್ಲಿ ಕೂತಿದ್ದರು. ಕಿತ್ತಳೆ ಕೋಟು ಮೊಳೆಗೆ ತೂಗುಬಿದ್ದು ಗಾಳಿಗೆ ಆಡುತ್ತಿತ್ತು. ಹೋಬರ್ಟ್ ಅದನ್ನು ಮದುಮಗ ಮದುಮಗಳನ್ನು ನೋಡುವ ಹಾಗೆ ನೋಡಿದ.

"ರಿವಾಲ್ವರ್ ಕೊಡು, ಪರೀಕ್ಷೆ ಮಾಡುವವನೇ ಗುಂಡು ತುಂಬೋದು ಇಲ್ಲಿಯ ಪದ್ಧತಿ," ಎಂದು ಲಾನಿ ಬೆನ್ನು ತಿರುಗಿಸಿ ತುಂಬಿ, ಗುರಿಯ ಕಡೆಗೇ ಹಿಡಿದು ಕೊಟ್ಟ.

"ಸಹೋದರಿಯರೇ, ಹೆದರಿಕೆ ಅನ್ನೋದೇ ದೊಡ್ಡ ಶತ್ರು!" ಎಂದು ಹೋಬರ್ಟ್ ಗರ್ಜಿಸಿದ. "ನನ್ನ ಕೈ ನೋಡಿ. ಬಂಡೆ!"

ಮೊದಲನೆಯದು ಢಂ ಎಂದಿತು. ಗುರಿಗೆಂದು ನೆಟ್ಟಿದ್ದ ಕಾಗದದ ತಟ್ಟೆಯ ಅಂಚು ಹರಿಯಿತು! ಚಪ್ಪಾಳೆ! ಹೋಬರ್ಟನ ಎದೆ ಕೋಟಿನ ಅಳತೆ ಮೀರಿ ಉಬ್ಬಿತು. ಹಲ್ಲು ಕಚ್ಚಿ, ಕಣ್ಣು ಬಿಗಿಮುಚ್ಚಿ, ಎರಡನೆಯದಕ್ಕೆ ಟ್ರಿಗರ್ ಎಳೆದ.

ಟಿಕ್.

ಅಷ್ಟೇ ಶಬ್ದ. ಆದರೆ ಬಂಡೆಯಂಥ ಕೈ ಆಕಾಶಕ್ಕೆ ನೆಗೆಯಿತು, ಭುಜ ಕುಣಿಯಿತು, ಹೋಬರ್ಟ್ ಎರಡು ಹೆಜ್ಜೆ ಹಿಂದಕ್ಕೆ ಹಾರಿದ, ಟೋಪಿ ವಿಲ್ಮಾಳ ಮಡಿಲಿಗೆ ಬಿತ್ತು. ಲಾನಿ ಚಟ್ಟನೆ ಅವನ ಮಣಿಕಟ್ಟು ಹಿಡಿದು ರಿವಾಲ್ವರನ್ನು ಗುರಿಯ ಕಡೆಗೆ ತಿರುಗಿಸಿದ. ಹೋಬರ್ಟ್ ಮೆಲ್ಲನೆ ಕಣ್ಣು ತೆರೆದು, ಹೆಂಗಸರತ್ತ ಕತ್ತು ಹೊರಳಿಸಿ ವಿಜಯದ ನಗೆ ನಕ್ಕ.

"ನೋಡಿದ್ರಾ? ಅಭ್ಯಾಸ ಅಂದ್ರೆ ಇದು! ಈ ಸಲ ಒದೆತವೇ ಗೊತ್ತಾಗಲಿಲ್ಲ!"

ವಿಲ್ಮಾ ಮಡಿಲ ಟೋಪಿ ಎತ್ತಿ ಹಿಡಿದು ಮೃದುವಾಗಿ ಕೇಳಿದಳು.

"ಗೊತ್ತಾಗೋದು ಹೇಗೆ ಹೋಬರ್ಟ್? ಅದು ಸಿಡಿಯಲೇ ಇಲ್ಲವಲ್ಲ!"

ಆಮೇಲೆ ಎದ್ದ ನಗು ತಗಡಿಗೆ ಬಡಿದು ವಾಪಸು ಬಂತು. ಹೋಬರ್ಟನ ಮುಖ ಕೋಟಿನ ಬಣ್ಣಕ್ಕೆ ತಿರುಗಿತು. ತನ್ನದೇ ಉಪಾಯ! ತನ್ನದೇ ಖಾಲಿ ತೋಟಾ! ಭೂಮಿ ಬಾಯಿಬಿಡಲಿ ಎಂದು ಆ ಕ್ಷಣ ಅವನು ಮನಸಾರೆ ಬಯಸಿದ. ರಿವಾಲ್ವರನ್ನು ಲಾನಿಯ ಕೈಗಿಟ್ಟು, "ನಿಂಗೆ ಈ ಉಪಾಯ ಹೇಳಿಕೊಟ್ಟೋರು ಯಾರೋ?" ಎಂದು ಕೇಳುವಷ್ಟರಲ್ಲಿ, ನೇಡೀನ್ ಕೈಚೀಲ ಕೆಳಗಿಟ್ಟು ಮುಂದೆ ಬಂದಳು.

ಲಾನಿ ಮತ್ತೆ ಬೆನ್ನು ತಿರುಗಿಸಿ ಗುಂಡು, ಖಾಲಿ ತೋಟಾ ಬೆರೆಸಿ ತುಂಬಿ ಕೊಟ್ಟ. ಟಿಕ್. ರಿವಾಲ್ವರಿನ ಮೊಂಡು ಮೂಗು ಕದಲಲಿಲ್ಲ. ಢಂ. ತಟ್ಟೆಯ ನಟ್ಟನಡುವೆ ತೂತು. ಟಿಕ್. ಢಂ. ಮೊದಲ ತೂತಿಗೆ ತಾಗಿಕೊಂಡಂತೆ ಇನ್ನೊಂದು. ನೇಡೀನ್ ಅದನ್ನು ಕೆಳಗಿಟ್ಟು ಕೈ ಒದರಿದಳು.

"ಅಬ್ಬಾ, ಕತ್ತೆ ಒದ್ದ ಹಾಗೆ ಒದೆಯುತ್ತೆ! ಅಂಗೈ ಉರೀತಿದೆ. ಆದ್ರೆ ಇದು ಒದೆಯೋದು ಗುಂಡು ಹೋದ ಮೇಲೆ ಕಣ್ರೇ. ಅದಕ್ಕೆ ಮೊದಲೇ ಯಾಕೆ ಅಳ್ಬೇಕು? ನಮ್ಮಪ್ಪ ನಂಗೆ ಭಾರದ್ದರಲ್ಲೇ ಕಲಿಸಿದ್ದು. ನೀವೂ ಅದರಲ್ಲೇ ಶುರು ಮಾಡಿ."

ಕೋಟು ಮೊಳೆಯಿಂದ ಇಳಿದು ನೇಡೀನಳ ಹೆಗಲೇರಿತು. ಹೋಬರ್ಟ್ ಮೆಲ್ಲಗೆ ಟ್ರಕ್ಕಿನ ಕಡೆ ಹೊರಟಿದ್ದ. ವಿಲ್ಮಾ ಟೋಪಿ ಹಿಡಿದು ಹಿಂದೆಯೇ ಓಡಿಬಂದಳು.

"ಹೋಬರ್ಟ್, ನಿಲ್ಲಿ! ನಾನೊಬ್ಬಳೇ ಕಣ್ಣು ಮುಚ್ಚೋದು ಅಂದ್ಕೊಂಡು ಇವತ್ತು ಬರೋದೇ ಬೇಡ ಅಂತಿದ್ದೆ. ನಿಮ್ಮನ್ನ ನೋಡಿ ಧೈರ್ಯ ಬಂತು. ನಿಜ ಹೇಳಿ, ಕಣ್ಣು ಮುಚ್ಚೋಕೆ ಶುರುವಾಗೋದು ಯಾವಾಗ? ಟ್ರಿಗರ್ ಮುಟ್ಟಿದಾಗಲೋ, ಎಳೆಯುವಾಗಲೋ?"

ನಿವೃತ್ತಿಯಾದ ಮೇಲೆ ಮೊದಲ ಬಾರಿಗೆ ಯಾರೋ ಅವನನ್ನು ಏನೋ ಕೇಳಿದ್ದರು! ಹೋಬರ್ಟ್ ಟೋಪಿ ಹಾಕಿಕೊಂಡು ಗಂಟಲು ಸರಿಮಾಡಿಕೊಂಡ. "ಒಳ್ಳೇ ಪ್ರಶ್ನೆ," ಎಂದು ಶುರುಮಾಡಿದವನು ಹೆಂಗಸರೆಲ್ಲ ಸುತ್ತುವರಿಯುವವರೆಗೂ ನಿಲ್ಲಿಸಲಿಲ್ಲ. ಲಾನಿಗೂ ಅದು ಹಿಡಿಸಿತು. ಪ್ರತಿ ಹೊಸ ತಂಡಕ್ಕೆ ಹೋಬರ್ಟ್ ಮೊದಲು ನಿಂತು, ಹೇಗೆ ಹೊಡೆಯಬಾರದು ಎಂದು ತೋರಿಸತಕ್ಕದ್ದು ಎಂದು ತೀರ್ಮಾನವಾಯಿತು.

ಮರುದಿನ ಭಾನುವಾರದ ಊಟದ ಹೊತ್ತಿಗೆ ಹೋಬರ್ಟ್ ಪೂರ್ತಿ ಚೇತರಿಸಿಕೊಂಡಿದ್ದ.

"ಸಹಾಯಕ ಶಿಕ್ಷಕ! ಕೇಳೋದಕ್ಕೂ ಚೆನ್ನಾಗಿದೆ ಅಲ್ವೇನೇ? ಬೆಚ್ಚೋದನ್ನ ಬೇರೆಯವರಿಗೆ ತೋರ್ಸಿ ತೋರ್ಸಿ ನಂಗೆ ಬೆಚ್ಚೋದೇ ಬಿಟ್ಟುಹೋಗಿದೆ ನೋಡು."

"ಹೌದಾ? ಹಾಗಿದ್ರೆ ಇದನ್ನ ತೆಗಿ," ಎಂದು ನೇಡೀನ್ ಬನ್ನಿನ ಹಿಟ್ಟಿನ ಡಬ್ಬಿ ಕೊಟ್ಟಳು.

ಹೋಬರ್ಟ್ ಕಾಲು ಅಗಲಿಸಿ ನಿಂತ. ಹಲ್ಲು ಕಚ್ಚಿದ. ತಿರುಚಿದ. ಭುಜ ಕಿವಿಗೇರಿತು, ಕಣ್ಣು ಮುಚ್ಚಿತು, ಒಂದು ಹೆಜ್ಜೆ ಹಿಂದಕ್ಕೆ ಹಾರಿದ. ಆಮೇಲೆ ಕಣ್ಣು ತೆರೆದು ಬೀಗಿದ.

"ನೋಡ್ದ್ಯಾ? ಈ ಸಲ ಶಬ್ದಾನೇ ಕೇಳಿಸ್ಲಿಲ್ಲ!"

"ಡಬ್ಬಿ ಖಾಲಿ, ಸಹಾಯಕ ಶಿಕ್ಷಕರೇ," ಎಂದಳು ನೇಡೀನ್. "ಬನ್ನು ಆಗ್ಲೇ ಒಲೇಲಿ ಬೇಯ್ತಾ ಇದೆ."